ಎಕ್ಸ್-ರೇ ಕೊಟ್ಟು ಪೇಟೆಂಟ್ ಬೇಡವೆಂದ ರಾಂಟ್ಜೆನ್

ತಿಂಗಳುಗಟ್ಟಲೆ ಕಾಡುವ ಬೆನ್ನುನೋವಿಗೆ ವೈದ್ಯರು ಎಕ್ಸ್-ರೇ ಬರೆದುಕೊಟ್ಟರೆ, ಅದರ ಹಿಂದಿರುವುದು ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ರಾಂಟ್ಜೆನ್ ಅವರ ಶ್ರಮ. 1845ರಲ್ಲಿ ಜನಿಸಿದ ಅವರು, 1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಈ ಕಿರಣಗಳನ್ನು ಪತ್ತೆಹಚ್ಚಿದರು. ಪತ್ನಿಯ ಕೈಮೂಳೆ, ಉಂಗುರ ಮೂಡಿದ ಚಿತ್ರ ಜಗತ್ತನ್ನು ಬೆರಗುಗೊಳಿಸಿತು. ಮೈ ಕೊಯ್ಯದೆ ಮೂಳೆ ನೋಡುವುದು ಸಾಧ್ಯವಾಯಿತು. ಬೆನ್ನುಮೂಳೆಯ ಮುರಿತ, ಬಾಗು, ಸವೆತ ಇಂದಿಗೂ ಎಕ್ಸ್-ರೇಯಲ್ಲಿ ಕಾಣುತ್ತವೆ. ಡಿಸ್ಕ್ ಮತ್ತು ನರಗಳನ್ನು ನೋಡಲು ಎಂಆರ್‌ಐ ಬೇಕು.

1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದ ರಾಂಟ್ಜೆನ್, ಬಹುಮಾನದ ಹಣವನ್ನು ವಿಶ್ವವಿದ್ಯಾಲಯಕ್ಕೇ ಕೊಟ್ಟರು. ತಮ್ಮ ಶೋಧ ಎಲ್ಲರಿಗೂ ಸಿಗಲೆಂದು ಪೇಟೆಂಟ್ ಪಡೆಯಲಿಲ್ಲ. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಅವರ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ನಿಧನರಾದರು.