ಗುಬ್ಬಿಯವರೆಗಿನ ಹಳಿ
(ದಿವಾನ್ ರಂಗಾಚಾರ್ಲು)

ನನ್ನ ಅಜ್ಜ ರೈಲನ್ನು ರೈಲೆಂದು ಕರೆದುದನ್ನು ನಾನು ಕೇಳಿಯೇ ಇಲ್ಲ. ಅವರಿಗೆ ಅದು ಕಂಪನಿ ಗಾಡಿ. ಬೆಂಗಳೂರಿನಿಂದ ಬರುವುದೂ ಕಂಪನಿ ಗಾಡಿ, ಅರಸೀಕೆರೆಯಿಂದ ಬರುವುದೂ ಕಂಪನಿ ಗಾಡಿ. ಅವರ ಕೈ ಹಿಡಿದು ನಾನು ನಿಟ್ಟೂರು ನಿಲ್ದಾಣದಲ್ಲಿ ನಿಲ್ಲುತ್ತಿದ್ದ ಕಾಲಕ್ಕೆ ಆ ಹಳಿಗಳು ದೆಹಲಿಯ ರೈಲ್ವೆ ಮಂತ್ರಾಲಯದ ವಶಕ್ಕೆ ಹೋಗಿ ಮೂರು ದಶಕಗಳ ಮೇಲಾಗಿತ್ತು. ಯಾವ ಕಂಪನಿ, ಯಾರ ಕಂಪನಿ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಬಂದ ಮೇಲೆ ಕೇಳಲು ಅಜ್ಜ ಉಳಿದಿರಲಿಲ್ಲ.

ಕನ್ನಡ ಪಾಠ ಹೇಳುವವನಿಗೆ ರೈಲಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಒಂದು ಮಾತಿನ ಜಾಡು ಹಿಡಿದು ಹೊರಟವನಿಗೆ ದಾರಿಯಲ್ಲಿ ಒಬ್ಬ ಮಹನೀಯರ ಪರಿಚಯವಾಯಿತು. ಅವರ ಹೆಸರನ್ನು ಮೈಸೂರಿನ ಪುರಭವನದ ಮೇಲೆ ಓದಿದವರು ಬಹಳ ಮಂದಿ. ಬಾಳನ್ನು ಬಲ್ಲವರು ಕಡಮೆ. ಅವರೇ ದಿವಾನ್ ಸಿ. ವಿ. ರಂಗಾಚಾರ್ಲು.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯ ಬಡ ಶ್ರೀವೈಷ್ಣವ ಮನೆತನದಲ್ಲಿ. ತಂದೆ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು. ಹುಡುಗ ಮದರಾಸಿಗೆ ಹೋಗಿ ಬಂಧುಗಳ ಆಶ್ರಯದಲ್ಲಿ ಇಂಗ್ಲಿಷ್ ಓದಿದ. ಓದು ಮುಗಿದೊಡನೆ ಕಂದಾಯ ಇಲಾಖೆಯಲ್ಲಿ ಲೇಖಣಿ ಹಿಡಿದ. ಅಲ್ಲಿಂದ ಇನಾಮು ಆಯೋಗ, ಡೆಪ್ಯುಟಿ ಕಲೆಕ್ಟರ ಹುದ್ದೆ, ಕಲ್ಲಿಕೋಟೆಯ ಖಜಾನೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಈ ವರ್ಷಗಳ ಬಗೆಗೆ ಹೆಚ್ಚು ಹೇಳುವುದು ಬೇಕಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ಅವರು ಕವಿಯಲ್ಲ, ವಾಗ್ಮಿಯಲ್ಲ, ಲೆಕ್ಕದ ಮನುಷ್ಯ. ಕಾಸು ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಕಾಣುವ ಕಣ್ಣು ಅವರದು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅರಮನೆಯ ಆಸ್ತಿಪಾಸ್ತಿ, ಸಾಲಸೋಲಗಳನ್ನು ನೇರ್ಪಡಿಸಲು ಇಂಥದೇ ಒಂದು ಕಣ್ಣು ಬೇಕಾಯಿತು. ರಂಗಾಚಾರ್ಲು ಮೈಸೂರಿಗೆ ಬಂದದ್ದು ಹಾಗೆ. ಮದರಾಸಿನ ರೈಲು 1864ರಲ್ಲೇ ಬೆಂಗಳೂರು ದಂಡಿನವರೆಗೆ ಬಂದು ಅಲ್ಲಿಯೇ ನಿಂತಿತ್ತು. ಅದರಾಚೆಗೆ ಮೈಸೂರಿಗಾಗಲಿ, ನಮ್ಮ ತುಮಕೂರಿಗಾಗಲಿ ಎತ್ತೇ ಗತಿ, ಕುದುರೆಯೇ ಗತಿ.

ಆ ಎತ್ತುಗಳ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರನ್ನು ನಮ್ಮ ಕಡೆಯ ಮುದುಕರು ಮೆಲುದನಿಯಲ್ಲಿ ಹೇಳುತ್ತಿದ್ದರು. 1876ರಿಂದ 1878ರವರೆಗಿನ ಮಹಾಕ್ಷಾಮ ಅದು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಐವತ್ತು ಲಕ್ಷಕ್ಕೆ ಮೇಲಿತ್ತು; ಹತ್ತು ವರ್ಷದ ಬಳಿಕ ಎಣಿಸಿದಾಗ ನಲವತ್ತೆರಡು ಲಕ್ಷದಷ್ಟೂ ಇರಲಿಲ್ಲ. ಈ ಸಾವಿಗೆ ಧಾನ್ಯದ ಅಭಾವವೊಂದೇ ಕಾರಣವಲ್ಲ. ಹೊರಗಿನ ಧಾನ್ಯ ರೈಲಿನಲ್ಲಿ ಬೆಂಗಳೂರಿಗೆ ಬಂದು ಬೀಳುತ್ತಿತ್ತು. ಅಲ್ಲಿಂದ ಒಳನಾಡಿಗೆ ಒಯ್ಯಬೇಕಾದ ಎತ್ತು, ಮೇವಿಲ್ಲದೆ, ಉಣ್ಣಬೇಕಾದ ಮನುಷ್ಯನಿಗಿಂತ ಮೊದಲೇ ಸತ್ತಿತ್ತು. ಮೂಟೆಗೂ ಬಾಯಿಗೂ ನಡುವೆ ದಾರಿ ಇರಲಿಲ್ಲ. ಬೆಂಗಳೂರು ಮೈಸೂರುಗಳ ನಡುವೆ ರೈಲುದಾರಿಗೆ ಮಣ್ಣು ಹೊತ್ತದ್ದು ಇದೇ ಕ್ಷಾಮದಲ್ಲಿ, ಕೂಲಿಗಾಗಿ ಬಂದ ಹಸಿದ ಜನ.

1881ರ ಮಾರ್ಚಿ 25ರಂದು ಬ್ರಿಟಿಷರು ರಾಜ್ಯವನ್ನು ಹದಿನೆಂಟರ ತರುಣ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು. ಅದರೊಡನೆ ಕ್ಷಾಮದ ಲೆಕ್ಕದಲ್ಲಿ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಿದರು. ವರ್ಷಂಪ್ರತಿ ಕೊಡಬೇಕಾದ ಪೊಗದಿಯನ್ನು ಹೆಚ್ಚಿಸುವ ಷರತ್ತು ಬೇರೆ ಇತ್ತು. ರಾಜ್ಯದ ಸ್ಥಿತಿಯನ್ನು ನೋಡಿ ಅದನ್ನು ಐದು ವರ್ಷ ಮುಂದಕ್ಕೆ ಹಾಕಿದ್ದೊಂದೇ ಕೃಪೆ. ಈ ಮನೆಗೆ ದಿವಾನರಾದವರು ರಂಗಾಚಾರ್ಲು.

ಅವರು ಮೊದಲು ಎತ್ತಿಕೊಂಡದ್ದು ಕತ್ತರಿಯನ್ನು. ಹುದ್ದೆಗಳು ಹೋದುವು, ಕಚೇರಿಗಳು ಹೋದುವು, ಎಂಟು ಜಿಲ್ಲೆಗಳು ಆರಾದುವು. ಚಿತ್ರದುರ್ಗ ನಮ್ಮ ತುಮಕೂರಿನ ಬಾಲವಾಯಿತು. ದುರ್ಗದವರಿಗೆ ತಮ್ಮ ಜಿಲ್ಲೆ ಮರಳಿ ಸಿಕ್ಕಿದ್ದು 1886ರಲ್ಲಿ, ಅವರು ಕಾಲವಾದ ಮೇಲೆ. ಕೆಲಸ ಕಳೆದುಕೊಂಡವರು ಹೊರಗಿನಿಂದ ಬಂದ ಈ ದಿವಾನರನ್ನು ಹರಸಿರಲಾರರು. ಈ ಕತ್ತರಿಪ್ರಯೋಗವೆಲ್ಲ ನ್ಯಾಯವೆಂದು ನಾನೂ ಹೇಳಲಾರೆ. ಆದರೆ ಕತ್ತರಿಸಿದ ಆ ಕೈ ಒಂದು ಕಡೆ ಮಾತ್ರ ಧಾರಾಳವಾಯಿತೆಂಬುದನ್ನು ಮರೆಯುವಂತಿಲ್ಲ. ಅದು ರೈಲಿನ ವಿಷಯದಲ್ಲಿ.

ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಜಿಲ್ಲೆಗಳಿಂದ ಬಂದ 144 ಮಂದಿ ರೈತರೂ ವರ್ತಕರೂ ಸರ್ಕಾರದ ಜಮಾಖರ್ಚನ್ನು ದಿವಾನರ ಬಾಯಿಂದಲೇ ಕೇಳಿದರು. ಮತ ಕೊಡುವ ಹಕ್ಕು ಅವರಿಗಿರಲಿಲ್ಲ, ನಿಜ. ಆದರೂ ತಮ್ಮ ಹಣ ಎಲ್ಲಿಗೆ ಹೋಗುತ್ತದೆಂದು ಪ್ರಜೆಗೆ ಕೂರಿಸಿ ಹೇಳಿದ ಸರ್ಕಾರವನ್ನು ದೇಶೀಯ ಸಂಸ್ಥಾನಗಳಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಮೈಸೂರಿನ ಹಳಿ 1882ರ ಆರಂಭದಲ್ಲಿ ಪೂರ್ಣವಾಯಿತು. ಮುಂದಿನದು ಬೆಂಗಳೂರಿನಿಂದ ತುಮಕೂರಿನ ದಿಕ್ಕಿಗೆ. ಉಳಿತಾಯದ ಹಣ ಸಾಲದಾದಾಗ ಅವರು ಲಂಡನ್ನಿನ ಪೇಟೆಗೆ ಹೋಗಲಿಲ್ಲ. 20 ಲಕ್ಷ ರೂಪಾಯಿಯ ಸಾಲವನ್ನು ಇಲ್ಲಿಯ ಜನರ ಮುಂದೆಯೇ ಇಟ್ಟರು. ಇಂದು ರೈಲಿಗೊಂದು ಮಂತ್ರಾಲಯ, ರಸ್ತೆಗೊಂದು, ವಿಮಾನಕ್ಕೊಂದು. ಅಂದು ಅಷ್ಟಕ್ಕೂ ದಿವಾನರ ಮೇಜೊಂದೇ.

ತುಮಕೂರಿನ ರೈಲನ್ನು ರಂಗಾಚಾರ್ಲು ನೋಡಲಿಲ್ಲ. 1883ರ ಜನವರಿ 20ರಂದು ಮದರಾಸಿನಲ್ಲಿ ಕಾಲವಾದರು. ಐವತ್ತೆರಡರ ಆಸುಪಾಸಿನ ವಯಸ್ಸು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. 1884ರಲ್ಲಿ ಗಾಡಿ ತುಮಕೂರು ಮುಟ್ಟಿತು, ಅದರ ಬೆನ್ನಿಗೇ ಗುಬ್ಬಿಗೂ ಬಂತು. (ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲೇ, ನಮ್ಮ ಸೀಮೆಗೆ ಅದೊಂದು ಸುಗ್ಗಿಯ ಕಾಲವಾಗಿರಬೇಕು.) ಮೈಸೂರಿನಿಂದ ಗುಬ್ಬಿಗೆ 140 ಮೈಲಿ. ಸಂಸ್ಥಾನದ ಸ್ವಂತ ದುಡ್ಡಿನ ಹಳಿ ಅಲ್ಲಿಗೆ ಮುಗಿಯಿತು.

ಮುಂದಿನ ನಿಲ್ದಾಣವೇ ನಮ್ಮ ನಿಟ್ಟೂರು.

ಹರಿಹರದವರೆಗೆ ಹಳಿ ಬೇಕಾಗಿತ್ತು, ಸಾಲದ ಕಂತು ತಲೆಯ ಮೇಲೆ ಕುಳಿತಿತ್ತು. ಮುಂದಿನ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಸದರನ್ ಮರಾಠಾ ರೈಲ್ವೆ ಕಂಪನಿಯೊಡನೆ ಕರಾರಾಯಿತು. ಕಂಪನಿ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡು ಎತ್ತಿತು; ಬಡ್ಡಿಯ ಹೊಣೆ ಮೈಸೂರಿನದು. ಗುಬ್ಬಿಯಿಂದ ನಮ್ಮೂರಿನ ಮೇಲೆ ಹಾದು 1889ರ ಹೊತ್ತಿಗೆ ಹರಿಹರ ಮುಟ್ಟಿದ ದಾರಿ ಈ ಹಣದಿಂದ ಆದದ್ದು. ರಂಗಾಚಾರ್ಲು ಕಟ್ಟಿಸಿದ 140 ಮೈಲಿಯೂ ಅದರೊಡನೆ ಕಂಪನಿಯ ಕೈಗೆ ಹೋಯಿತು. ಶೇಷಾದ್ರಿ ಅಯ್ಯರ್ ಅವರನ್ನು ದೂರುವುದು ಸುಲಭ. ಹಾಗೆ ಮಾಡದಿದ್ದರೆ ನಿಟ್ಟೂರಿಗೆ ರೈಲು ಎಂದು ಬರುತ್ತಿತ್ತೋ! ರಂಗಾಚಾರ್ಲು ಬದುಕಿದ್ದರೆ ಬೇರೆ ಏನು ಮಾಡುತ್ತಿದ್ದರೆಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಲೆಕ್ಕದ ಮನುಷ್ಯರಾದ ಅವರೂ ಪ್ರಾಯಶಃ ಅಲ್ಲಿಯೇ ಸಹಿ ಹಾಕಬೇಕಾಗುತ್ತಿತ್ತು. ಆದರೆ ಅದಕ್ಕೆ ಮೊದಲು ಸಭೆಯನ್ನು ಕರೆದು, ಪೌಂಡಿನ ಬಡ್ಡಿ ರೂಪಾಯಿಯಲ್ಲಿ ಎಷ್ಟಾಗುತ್ತದೆಂದು ತಾವೇ ಓದಿ ಹೇಳುತ್ತಿದ್ದರು.

ಬೆಂಗಳೂರು ಹರಿಹರ ದಾರಿ ಮೈಸೂರು ಸರ್ಕಾರದ ಕೈಗೆ ಹಿಂದಿರುಗಿದ್ದು 1938ರಲ್ಲಿ. ಹನ್ನೆರಡು ವರ್ಷ ನಮ್ಮದಾಗಿದ್ದು, 1950ರಲ್ಲಿ ಅದು ಭಾರತ ಸರ್ಕಾರಕ್ಕೆ ಸೇರಿತು. ಆಮೇಲೆ ದಕ್ಷಿಣ ರೈಲ್ವೆ, 2003ರಿಂದ ನೈರುತ್ಯ ರೈಲ್ವೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಅಜ್ಜನ ಬಾಯಲ್ಲಿ ಮಾತ್ರ ಎಳೆತನದಲ್ಲಿ ಕೂತ ಕಂಪನಿ ಕೊನೆಯವರೆಗೂ ಏಳಲಿಲ್ಲ.

ತುಮಕೂರಿನಲ್ಲಿ ಪಾಠ ಮುಗಿಸಿ ಸಂಜೆಯ ಗಾಡಿಯಲ್ಲಿ ಊರಿಗೆ ಬರುವಾಗ ಗುಬ್ಬಿಯಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಒಂದು ಹಳಿ ಮುಗಿದು ಇನ್ನೊಂದು ಆರಂಭವಾದ ಗುರುತು ಅಲ್ಲಿ ಏನೂ ಇಲ್ಲ. ಅಡಕೆಯ ಮೂಟೆಯವರು, ಕಾಲೇಜಿನ ಹುಡುಗರು ಇಳಿಯುತ್ತಾರೆ, ಗಾಡಿ ಹೊರಡುತ್ತದೆ. ಅಲ್ಲಿಂದ ನಿಟ್ಟೂರಿಗೆ ಹತ್ತು ಹನ್ನೆರಡು ನಿಮಿಷದ ದಾರಿ.