ನಾನು ಕಾಣದ ಮಾಸ್ತರರು

ದಿನಾಲು ಬೆಳಿಗ್ಗೆ ನಾನು ಖಾನಾಪುರದಿಂದ ಬಸ್ಸಿನಲ್ಲಿ ಬೆಳಗಾವಿಗೆ ಬರುತ್ತೇನೆ. ಕೆಲವು ದಿನ ಕಾಲೇಜ್ ರಸ್ತೆಯಲ್ಲಿ ಲಿಂಗರಾಜ ಕಾಲೇಜಿನ ಮುಂದೆ ಹಾದುಹೋಗಬೇಕಾಗುತ್ತದೆ. ಆಗ ನನಗೆ ಒಬ್ಬ ಮಾಸ್ತರರ ನೆನಪಾಗುತ್ತದೆ. ನಾನು ಅವರನ್ನು ಕಂಡಿಲ್ಲ. ಅವರು ತೀರಿಕೊಂಡು ಎಪ್ಪತ್ತು ವರ್ಷಗಳ ಮೇಲಾಯಿತು. ಅವರ ಹೆಸರು ಶಿ. ಶಿ. ಬಸವನಾಳ. ಎರಡು ವರ್ಷದ ಹಿಂದೆ ಈ ಹೆಸರು ನನಗೂ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ. ಕನ್ನಡ ಶಾಲೆಯಲ್ಲಿ ಮಾತ್ರ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ನಾನು ಬಸ್ಸು ಬಂದಳು ಎಂದುಬಿಟ್ಟೆ. ಉರ್ದುವಿನಲ್ಲಿ ಬಸ್ಸು ಹೆಣ್ಣು! ಇಡೀ ವರ್ಗ ನಕ್ಕಿತು, ಕನ್ನಡ ಸರ್ ನಗಲಿಲ್ಲ. ಅಂದಿನಿಂದ ದಿನಕ್ಕೊಂದು ಪುಟ ಬರೆದು ಶಾಲೆ ಬಿಟ್ಟ ಮೇಲೆ ತೋರಿಸಬೇಕೆಂದು ಹೇಳಿದರು. ಒಂದು ದಿನವೂ ನೋಡದೆ ಮನೆಗೆ ಹೋಗಲಿಲ್ಲ. ಹತ್ತನೇ ತರಗತಿಯಲ್ಲಿ ಶಿಕ್ಷಕರ ದಿನಾಚರಣೆಗೆ ನನಗೇ ಭಾಷಣ ಕೊಟ್ಟರು. ಉಳಿದವರು ರಾಧಾಕೃಷ್ಣನ್ ಅವರ ಬಗ್ಗೆ ಮಾತನಾಡುತ್ತಾರೆ, ನೀನು ನಮ್ಮ ಬೆಳಗಾವಿಯಲ್ಲಿ ಕಲಿಸಿದ ಮಾಸ್ತರರ ಬಗ್ಗೆ ಮಾತನಾಡು ಎಂದರು.

ಬಸವನಾಳರು ಹುಟ್ಟಿದ್ದು 1893ರಲ್ಲಿ. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಕಡೆಯ ಹುಡುಗರು ಹೆಚ್ಚು ಓದಬೇಕೆಂದರೆ ಪುಣೆಗೆ ಹೋಗಬೇಕಿತ್ತು. ಹಾಗೆ ಓದಿ ಪದವಿ ಪಡೆದವರು ಬಹಳ ಕಡಿಮೆ. ಅಂಥವರಿಗೆ ಸರಕಾರಿ ನೌಕರಿ ಕಷ್ಟವಾಗಿರಲಿಲ್ಲ. ಆದರೆ ಬಸವನಾಳರು ಮತ್ತು ಅವರ ಗೆಳೆಯರು ಬೇರೆ ದಾರಿ ಹಿಡಿದರು. ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯ ಶಿಕ್ಷಕರು ಕಡಿಮೆ ಸಂಬಳಕ್ಕೆ ಆಜೀವ ಸದಸ್ಯರಾಗಿ ದುಡಿಯುತ್ತಿದ್ದರು. ಅದೇ ಮಾದರಿಯಲ್ಲಿ ಇವರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆ ತೆರೆದರು. ಸಾಖರೆ, ಮಮದಾಪುರ, ಹಂಚಿನಾಳ, ಚಿಕ್ಕೋಡಿ ಮೊದಲಾದವರು ಜೊತೆಗಿದ್ದರು. ಆ ಏಳು ಜನರನ್ನು ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತಾರೆ. ಬಸವನಾಳರಿಗೆ ಆಗ 23 ವರ್ಷ. ನನಗಿಂತ ಆರೇ ವರ್ಷ ದೊಡ್ಡವರು!

ಆ ಶಾಲೆಯೇ ಮುಂದೆ ಗಿಲಗಂಚಿ ಅರಟಾಳ ಹೈಸ್ಕೂಲಾಯಿತು. ಅದರಿಂದ ಕೆ.ಎಲ್.ಇ. ಸಂಸ್ಥೆ ಬೆಳೆಯಿತು. 1933ರಲ್ಲಿ ಲಿಂಗರಾಜ ಕಾಲೇಜು ಬಂತು. ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದ ಶಿರಸಂಗಿ ಲಿಂಗರಾಜರ ಹೆಸರು ಅದಕ್ಕೆ. ಈಗ ಅದೇ ಸಂಸ್ಥೆಗೆ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ಎಲ್ಲವೂ ಇವೆ.

ಬಸವನಾಳರು ಕಲಿಸುವುದರ ಜೊತೆಗೆ ಹಳೆಯ ವಚನಗಳನ್ನು ಶೋಧಿಸಿ ಬಸವಣ್ಣನವರ ಷಟ್‌ಸ್ಥಲದ ವಚನಗಳು ಎಂಬ ಗ್ರಂಥವನ್ನು ಸಂಪಾದಿಸಿದರು. ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರ ಜೊತೆ ಸೇರಿ 1940ರಲ್ಲಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. 1944ರಲ್ಲಿ ರಬಕವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1951ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಮೂರು ನಿಮಿಷದಲ್ಲಿ ಹೇಳಿ ಇಳಿದೆ. ಬಸ್ಸು ಎಂಬ ಪದ ಮಾತ್ರ ಬಾರದಂತೆ ನೋಡಿಕೊಂಡಿದ್ದೆ. ಆದರೆ ಅಂದು ಅದು ನನಗೆ ಬಾಯಿಪಾಠ ಅಷ್ಟೆ. ಅದರ ಅರ್ಥ ತಿಳಿದದ್ದು ಎಸ್.ಎಸ್.ಎಲ್.ಸಿ. ಮುಗಿದ ಮೇಲೆ. ಗೋವಾದಲ್ಲಿರುವ ಮಾಮು ನನ್ನನ್ನು ಗ್ಯಾರೇಜಿಗೆ ಕರೆದರು. ಅಬ್ಬಾ ಒಪ್ಪಿದರು. ಮನೆಯ ಪರಿಸ್ಥಿತಿ ಹಾಗಿತ್ತು, ಅವರದು ತಪ್ಪಲ್ಲ. ಸುದ್ದಿ ತಿಳಿದು ಸರ್ ನಮ್ಮ ಮನೆಗೆ ಬಂದರು. ಅಮ್ಮಿ ಮಾಡಿದ ಚಹಾ ಕುಡಿದು, ತಮಗೆ ಬರುವ ಅಷ್ಟಿಷ್ಟು ಉರ್ದುವಿನಲ್ಲಿ ಅಬ್ಬಾನ ಜೊತೆ ಒಂದು ತಾಸು ಮಾತನಾಡಿದರು. ಹುಡುಗನಿಗೆ ಎರಡೇ ವರ್ಷ ಕೊಡಿ ಎಂದು ಕೇಳಿಕೊಂಡರು. ಸರ್ ಕೂಡ ಹಂಗಿಹಂಗಿ ತಪ್ಪು ಮಾತನಾಡುತ್ತಿದ್ದರು, ಆದರೆ ಅಂದು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಆ ಎರಡು ವರ್ಷ ಈ ಮಾರ್ಚಿಗೆ ಮುಗಿಯುತ್ತದೆ. ಮಾಮು ಮತ್ತೆ ಫೋನ್ ಮಾಡುತ್ತಿದ್ದಾರೆ. ನಾನು ಬಿ.ಕಾಂ., ಎಂ.ಕಾಂ., ಆಮೇಲೆ ಬಿ.ಎಡ್. ಮಾಡಿ ಕಲಿಸುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ವಾಣಿಜ್ಯ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿದ್ದೇನೆ. ಏಳೆಂಟು ವರ್ಷ ಖರ್ಚೇ ಹೆಚ್ಚು, ಜಮಾ ಕಡಿಮೆ. ರಜೆಯಲ್ಲಿ ದುಡಿದು ಸ್ವಲ್ಪ ತುಂಬಬಹುದು. 1916ರಲ್ಲಿ ಆ ಏಳು ಜನರೂ ಹೀಗೆ ಲೆಕ್ಕ ಹಾಕಿಯೇ ಇರಬೇಕು ಎನಿಸುತ್ತದೆ.

ಅಬ್ಬಾನಿಗೆ ಇನ್ನೂ ಹೇಳಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಈ ಸಂಚಿಕೆ ಕೈಗೆ ಬಂದ ದಿನ ನಾನೇ ಓದಿ, ಉರ್ದುವಿನಲ್ಲಿ ಅರ್ಥ ಹೇಳುತ್ತೇನೆ. ಸರ್‌ಗೆ ಬೇರೆ ಊರಿಗೆ ವರ್ಗವಾಗಿದೆ. ಅವರಿಗೂ ಒಂದು ಪ್ರತಿ ಕಳಿಸುತ್ತೇನೆ. ತಪ್ಪುಗಳಿದ್ದರೆ ಅವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಾರೆ ಎಂಬ ನಂಬಿಕೆ ನನಗಿದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ