ಮಲಯಾಳದ ಮೊದಲ ನಾಯಕಿ ಪಿ. ಕೆ. ರೋಸಿ

ಚಲನಚಿತ್ರ ನಟಿಯೆಂದರೆ ಕೀರ್ತಿ, ಸಂಪತ್ತು, ಜನರ ಅಭಿಮಾನ ನಮ್ಮ ನೆನಪಿಗೆ ಬರುತ್ತವೆ. ಆದರೆ ಮಲಯಾಳ ಚಿತ್ರದಲ್ಲಿ ಮೊತ್ತಮೊದಲು ನಾಯಕಿಯಾಗಿ ನಟಿಸಿದ ಹೆಣ್ಣುಮಗಳಿಗೆ ದೊರೆತದ್ದು ಊರು ಬಿಟ್ಟು ಓಡುವ ಗತಿ. ಆಕೆಯೇ ಪಿ. ಕೆ. ರೋಸಿ.

ರೋಸಿ 1903ರಲ್ಲಿ ತಿರುವನಂತಪುರದ ಬಡ ಪುಲಯ ಕುಟುಂಬವೊಂದರಲ್ಲಿ ಜನಿಸಿದರು. ಅಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಪುಲಯರಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ಅವರ ಮಕ್ಕಳು ಶಾಲೆಯ ಮೆಟ್ಟಲು ಹತ್ತಬೇಕೆಂದು ಅಯ್ಯಂಕಾಳಿಯವರು ಹೋರಾಡುತ್ತಿದ್ದ ಕಾಲವದು. ರೋಸಿ ಕೂಲಿ ಮಾಡಿ ಬದುಕುತ್ತಲೇ ಕಾಕ್ಕಾರಿಶ್ಶಿ ನಾಟಕವೆಂಬ ಜಾನಪದ ಕಲೆಯನ್ನು ಕಲಿತರು. ನಮ್ಮ ಯಕ್ಷಗಾನದಂತೆ ಅದರಲ್ಲಿಯೂ ಸ್ತ್ರೀವೇಷಗಳನ್ನು ಗಂಡಸರೇ ಹಾಕುತ್ತಿದ್ದರು. ಅಂತಹ ರಂಗವನ್ನು ಏರಲು ಆಕೆ ಹಿಂಜರಿಯಲಿಲ್ಲ.

1920ರ ದಶಕದ ಕೊನೆಯಲ್ಲಿ ಜೆ. ಸಿ. ಡೇನಿಯಲ್ ಎಂಬವರು ತಮ್ಮ ಆಸ್ತಿಯನ್ನು ಮಾರಿ 'ವಿಗತಕುಮಾರನ್' ಎಂಬ ಮೂಕಚಿತ್ರವನ್ನು ತಯಾರಿಸಿದರು. ಮಲಯಾಳದ ಮೊದಲ ಚಿತ್ರವದು. ಮಾನವಂತ ಮನೆತನದ ಹೆಂಗಸರು ನಟಿಸಲು ಒಪ್ಪದಿದ್ದ ಆ ದಿನಗಳಲ್ಲಿ ರೋಸಿ ನಾಯಕಿಯಾದರು. ಅವರದು ಸರೋಜಿನಿ ಎಂಬ ನಾಯರ್ ಯುವತಿಯ ಪಾತ್ರ.

ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಾಗ ಮೇಲ್ಜಾತಿಯ ಪ್ರೇಕ್ಷಕರು ರೊಚ್ಚಿಗೆದ್ದರು. ಪುಲಯ ಹೆಣ್ಣು ನಾಯರ್ ಹೆಣ್ಣಾಗಿ ಕಾಣಿಸಿಕೊಂಡದ್ದೇ ಅಪರಾಧವಾಯಿತು. ತೆರೆಗೆ ಕಲ್ಲು ಬಿತ್ತು. ರೋಸಿಯವರ ಗುಡಿಸಲನ್ನೂ ಸುಟ್ಟರೆಂದು ಹೇಳುತ್ತಾರೆ. ಆಕೆ ಜೀವ ಉಳಿಸಿಕೊಳ್ಳಲು ತಮಿಳುನಾಡಿನ ಕಡೆಗೆ ಹೋದರು. ಅಲ್ಲಿಯೇ ಮದುವೆಯಾಗಿ, ತಾನೊಬ್ಬ ನಟಿಯೆಂಬುದನ್ನು ಹೊರಗೆಡಹದೆ ಬಾಳಿ ತೀರಿಕೊಂಡರು. ಮತ್ತೆಂದೂ ಅವರು ಬಣ್ಣ ಹಚ್ಚಲಿಲ್ಲ. ಸಾಲಗಾರರಾದ ಡೇನಿಯಲ್ ಕೂಡ ಮತ್ತೊಂದು ಕಥಾಚಿತ್ರವನ್ನು ತೆಗೆಯಲಾಗದೆ 1975ರಲ್ಲಿ ನಿಧನರಾದರು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

1992ರಲ್ಲಿ ಕೇರಳ ಸರಕಾರವು ಡೇನಿಯಲ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಆರಂಭಿಸಿತು. ರೋಸಿಯವರ ಸರದಿ ಬರಲು ಇನ್ನೂ ತಡವಾಯಿತು. 2013ರಲ್ಲಿ ಬಿಡುಗಡೆಯಾದ 'ಸೆಲ್ಯುಲಾಯ್ಡ್' ಚಿತ್ರವು ಇವರಿಬ್ಬರ ಕತೆಯನ್ನು ಮನೆಮನೆಗೆ ಮುಟ್ಟಿಸಿತು. 2019ರಲ್ಲಿ ರೋಸಿಯವರ ಹೆಸರಿನಲ್ಲಿ ಒಂದು ಚಿತ್ರಸಮಾಜ ಹುಟ್ಟಿತು.

ರೋಸಿಯವರ ಅಭಿನಯ ಹೇಗಿತ್ತೆಂದು ನೋಡುವ ಭಾಗ್ಯ ನಮಗಿಲ್ಲ. ಆ ಭಾಗ್ಯವನ್ನು ಕಸಿದುಕೊಂಡದ್ದು ಜಾತಿಯ ಕುರುಡು. ಕಲೆಗೆ ಕುಲವಿಲ್ಲವೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ನಮ್ಮ ಶಾಲೆಯ ರಂಗದ ಮೇಲೆ ಪಾತ್ರ ಹಂಚುವಾಗಲೂ ಆ ಮಾತನ್ನು ನಡೆಸಿಕೊಟ್ಟರೆ ಅದೇ ಆ ತಾಯಿಗೆ ನಾವು ಸಲ್ಲಿಸಬಹುದಾದ ಗೌರವ.